ಹೊಸ್ತಿಲ ಮೇಲೆ ಒತ್ತಿ

ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುವವರು ಅರ್ಧ ದಾರಿಯಲ್ಲಿ ತಾವೇ ಕಂಡುಹಿಡಿದು, ಈ ಹೆಂಗಸು ಏನೋ ಮುಚ್ಚಿಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಎದುರಿಗೆ ‘ನೀವು’, ‘ಮೇಡಂ’ ಎಂದು ಮಾತಾಡಿಸುತ್ತಿದ್ದೆ, ಮನಸ್ಸಿನೊಳಗೆ ಮಾತ್ರ ಎಂದಿಗೂ ‘ಅವಳು’. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಈಗ ಹೊಸದಾಗಿ ಮರ್ಯಾದೆ ಕೊಡಲು ಹೋದರೆ ಸುಳ್ಳಾಗುತ್ತದೆ.

ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್ ಆಗಿದ್ದೆ. ತೊಂಬತ್ತರ ದಶಕದಲ್ಲಿ ನಮ್ಮ ತಾಲ್ಲೂಕಿನಲ್ಲಿ ನನ್ನ ಬೋರ್ಡಿನ ಚಿತ್ರಗಳಿಗೆ ಒಂದಿಷ್ಟು ಹೆಸರಿತ್ತು. ಬಣ್ಣದ ಸೀಮೆಸುಣ್ಣವನ್ನು ನೀರಿನಲ್ಲಿ ಅದ್ದಿ ಬರೆದರೆ ಗೆರೆ ಒಣಗಿದ ಮೇಲೆ ಎದ್ದು ಕಾಣುತ್ತದೆ. ದಾಸವಾಳದ ಸೀಳುನೋಟ, ಮೂತ್ರಪಿಂಡ, ಕಣ್ಣು, ಕಪ್ಪೆಯ ಹೃದಯ, ಎಲ್ಲವನ್ನೂ ಹಾಗೆ ಬರೆಯುತ್ತಿದ್ದೆ. ಬರೆದು, ಮೂಲೆಯಲ್ಲಿ ‘ಅಳಿಸಬೇಡಿ’ ಎಂದು ಹಾಕಿಬಿಡುತ್ತಿದ್ದೆ. ಮುಂದಿನ ಪೀರಿಯಡ್ಡಿನ ಗಣಿತದ ಮೇಷ್ಟ್ರು ಪಾಪ, ನನ್ನ ಮೂತ್ರಪಿಂಡದ ಸುತ್ತ ಉಳಿದ ಜಾಗದಲ್ಲಿ ಲೆಕ್ಕ ಮಾಡಿಸಿ ಹೋಗುತ್ತಿದ್ದರು. ತಪಾಸಣೆಗೆ ಬಂದವರನ್ನು ಹೆಡ್‌ಮಾಸ್ಟರು ಮೊದಲು ಕರೆತರುತ್ತಿದ್ದುದು ನನ್ನ ಕ್ಲಾಸಿಗೆ. ಆಗ ನನಗೆ ಕೋಡು ಮೂಡುತ್ತಿತ್ತು. ಯಾಕೆ ಮೂಡಬಾರದು? ಕೈ ನನ್ನದು.

ಆ ಕೈ ಬಂದದ್ದು ಅಮ್ಮನಿಂದ. ದೇವಸ್ಥಾನದ ಬೀದಿಯಲ್ಲಿ ನಮ್ಮ ಮನೆ. ನಮ್ಮ ತಂದೆ ಪೂಜೆಗೆ ಹೋಗುವ ಹೊತ್ತಿಗೆ ಅಮ್ಮ ಹೊಸ್ತಿಲು ತೊಳೆದು, ಅರಿಶಿನ ಹಚ್ಚಿ, ಅದರ ಮೇಲೆ ರಂಗೋಲಿ ಎಳೆ ಎಳೆದು ಮುಗಿಸಿರಬೇಕಿತ್ತು. ಅವಳ ಬೆರಳ ಸಂದಿಯಿಂದ ಇಳಿಯುತ್ತಿದ್ದ ಎಳೆ ಕೊನೆಯವರೆಗೂ ಒಂದೇ ದಪ್ಪ. ನನ್ನ ಕೈಗೆ ಅದು ಬರಲು ಎಷ್ಟೋ ಬೈಗುಳ ಖರ್ಚಾಯಿತು. ಬಂದ ಮೇಲೆ ಮಾತ್ರ ಬೀದಿಯ ಹೆಂಗಸರು ನಮ್ಮ ಹೊಸ್ತಿಲನ್ನು ನಿಂತು ನೋಡಿ ಹೋಗುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಹಾಸನದಲ್ಲಿ ಒಂದು ಸಂಸ್ಥೆ ಹೊಸ ಕೆಲಸ ಶುರುಮಾಡಿತು. ಹೈಸ್ಕೂಲು ಮಕ್ಕಳಿಗೆ ಇಂಟರ್ನೆಟ್ಟಿನಲ್ಲಿ ಪಾಠ. ಬರೀ ಓದುವ ಪಾಠವಲ್ಲ. ಮಗು ಮೌಸ್ ಹಿಡಿದು ಒತ್ತಬೇಕು, ಎಳೆಯಬೇಕು, ಉತ್ತರ ಕೊಡಬೇಕು, ಪುಟ ಅದಕ್ಕೆ ತಿರುಗಿ ಏನಾದರೂ ಹೇಳಬೇಕು. ಅಂಥ ಪುಟಗಳನ್ನು ಕಟ್ಟಲು ಪಾಠ ಮಾಡಿ ಗೊತ್ತಿರುವ ಟೀಚರುಗಳೇ ಬೇಕೆಂದು ಸಂಸ್ಥೆಯವರು ನಮ್ಮ ಇಲಾಖೆಯನ್ನು ಕೇಳಿದರಂತೆ. ಹೊಳೆನರಸೀಪುರದಿಂದ ನನ್ನನ್ನು ಕಳಿಸಿದರು. ಅರಕಲಗೂಡಿನಿಂದ ಅವಳನ್ನು ಕಳಿಸಿದರು.

ಮೇಲ್ವಿಚಾರಣೆಗೆ ಒಬ್ಬ ನಿವೃತ್ತ ಪ್ರಿನ್ಸಿಪಾಲರಿದ್ದರು. ಮೃದು ಮಾತಿನ ಮನುಷ್ಯ. ಮೊದಲ ದಿನವೇ ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿದರು: “ನೀವಿಬ್ಬರೂ ಒಂದೊಂದು ಮುಖಪುಟ, ಒಂದೊಂದು ಪಾಠ ಮಾಡಿ. ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ಮಕ್ಕಳ ಮುಂದಿಟ್ಟು ನೋಡೋಣ. ಯಾರದ್ದು ನಡೆಯುತ್ತೋ ಅವರು ಇಲ್ಲೇ ಉಳಿದು ಮಿಕ್ಕ ಪಾಠಗಳನ್ನೆಲ್ಲ ಮಾಡಿಸಬೇಕು. ಇನ್ನೊಬ್ಬರು ವಾಪಸ್ ಶಾಲೆಗೆ.”

ಆ ಕೆಲಸ ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ರೈಲಿನಲ್ಲಿ ಕೂತರೂ ಅದೇ, ಒಗ್ಗರಣೆ ಹಾಕುವಾಗಲೂ ಅದೇ. ಇಷ್ಟು ವರ್ಷ ಬರೆದದ್ದನ್ನೆಲ್ಲ ಸಂಜೆ ಜವಾನ ಒದ್ದೆ ಬಟ್ಟೆಯಲ್ಲಿ ಒರೆಸಿಹಾಕಿದ್ದ. ಇಲ್ಲಿ ಬರೆದದ್ದು ಹಾಗೇ ಇರುತ್ತದೆ. ಜಿಲ್ಲೆಯ ಮಕ್ಕಳೆಲ್ಲ ನನ್ನ ಚಿತ್ರ ನೋಡಿಕೊಂಡು ಕಲಿಯುತ್ತಾರೆ. ನನ್ನ ಬಿಟ್ಟು ಇನ್ಯಾರಿಗೆ ಆ ಕೆಲಸ ಎಂದು ಧೈರ್ಯವಾಗಿಯೇ ಇದ್ದೆ.

ಅವಳು ಬಂದದ್ದು ತಡವಾಗಿ. ಬಾಗಿಲಲ್ಲೇ ನಗು. “ಬಸ್ಸು ಕೆಟ್ಟೋಯ್ತು ಸಾ, ಇನ್ನೊಂದ್ ಬಸ್ಸಿಗೆ ಅತ್ಕಂಡ್ ಬಂದೆ” ಎಂದಳು. ಪ್ರಿನ್ಸಿಪಾಲರೂ ನಕ್ಕರು. ನಾನು ಬೆಳಗಿನ ರೈಲಿಗೆ ಬಂದು ಎಲ್ಲರಿಗಿಂತ ಮೊದಲೇ ಕೂತಿದ್ದೆ. ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ. ಅವಳದು ಅರಕಲಗೂಡು ಪಕ್ಕದ ಹಳ್ಳಿ, ಆಲೂಗಡ್ಡೆ, ಹೊಗೆಸೊಪ್ಪು ಬೆಳೆಯುವ ದೊಡ್ಡ ಮನೆತನ. ಎಂಎಸ್ಸಿ ಮಾಡಿದ್ದಳು, ನನ್ನದು ಬರೀ ಬಿಎಸ್ಸಿ ಬಿಎಡ್. ಅದನ್ನೂ ಅವಳು ಮೊದಲ ಊಟದ ಹೊತ್ತಿಗೇ ಎಲ್ಲರಿಗೂ ಹೇಳಿ ಮುಗಿಸಿದ್ದಳು. ನನ್ನನ್ನು ‘ಅಕ್ಕ’ ಎಂದು ಕರೆಯತೊಡಗಿದಳು. ನಮ್ಮಿಬ್ಬರ ವಯಸ್ಸಿಗೆ ಅಂಥ ಅಂತರವೇನೂ ಇರಲಿಲ್ಲ.

ಊಟಕ್ಕೆ ಅವಳು ತರುತ್ತಿದ್ದುದು ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಆಫೀಸಿನವರೆಲ್ಲ ಅವಳ ಡಬ್ಬಿಯ ಸುತ್ತ. ನನ್ನ ಚಿತ್ರಾನ್ನವನ್ನೂ ಅವಳೇ ಕೈಹಾಕಿ ತೆಗೆದುಕೊಂಡು, “ಅಕ್ಕನ ಚಿತ್ರಾನ್ನ ತಿನ್ನಿ, ಬೋ ರುಚಿ” ಎಂದು ಹಂಚುತ್ತಿದ್ದಳು. ನನ್ನ ಡಬ್ಬಿಯನ್ನು ನಾನು ಹಂಚುವ ಮೊದಲೇ ಅವಳು ಹಂಚಿ ಒಳ್ಳೆಯವಳಾಗುತ್ತಿದ್ದಳು. ಇದು ಎಂಥ ಸಣ್ಣ ವಿಷಯ ಎಂದು ನನಗೆ ಗೊತ್ತು. ಸಣ್ಣ ವಿಷಯಗಳೇ ಗಂಟಲಲ್ಲಿ ಸಿಕ್ಕಿಕೊಳ್ಳುವುದು.

ಕೆಲಸ ಕಲಿಸಿದರು. ಪುಟದ ಮೇಲೆ ಚಿತ್ರ ಕೂರಿಸಿ, ಚಿತ್ರದ ಯಾವ ಭಾಗವನ್ನು ಒತ್ತಿದರೆ ಏನಾಗಬೇಕು ಎಂದು ಗೆರೆ ಹಾಕಿ ಗುರುತು ಮಾಡಬೇಕು. ಆ ಗುರುತಿನ ಒಳಗೆ ಒತ್ತಿದರೆ ಮುಂದಿನ ಪುಟ ತೆರೆಯುತ್ತದೆ. ಹೊರಗೆ ಒತ್ತಿದರೆ ಏನೂ ಆಗದು. ಮಕ್ಕಳ ಕಣ್ಣಿಗೆ ಆ ಗೆರೆ ಕಾಣುವುದಿಲ್ಲ. ಎಲ್ಲಿ ಒತ್ತಬೇಕೆಂದು ಚಿತ್ರವೇ ಹೇಳಬೇಕು.

ನನ್ನ ಮುಖಪುಟಕ್ಕೆ ಒಂದು ಮನೆಯ ಬಾಗಿಲು ಬರೆದೆ. ಮೇಲೆ ಮಾವಿನೆಲೆಯ ತೋರಣ, ಅರ್ಧ ತೆರೆದ ಬಾಗಿಲು, ಒಳಗೆ ಬೆಳಕು, ಕೆಳಗೆ ಹೊಸ್ತಿಲು. ಪಾಠದ ಮನೆಗೆ ಬಾ ಎನ್ನುವ ಅರ್ಥ. ಕಾಗದದ ಮೇಲೆ ಬರೆದು ಸ್ಕ್ಯಾನ್ ಮಾಡಿಸಿದೆ. ತೋರಣ, ಬಾಗಿಲು ಯಾರು ಬೇಕಾದರೂ ಬರೆದಾರು. ಆ ಹೊಸ್ತಿಲು ಮಾತ್ರ ನನ್ನ ಕೈಯದು. ಅರಿಶಿನದ ಮೇಲೆ ಬಿಳಿ ಎಳೆ, ಎರಡು ತುದಿಗೂ ಪದ್ಮ, ನಡುವೆ ಕುಂಕುಮದ ಬೊಟ್ಟು. ಕಂಪ್ಯೂಟರಿನ ಪರದೆಯಲ್ಲಿ ಮೊದಲ ಸಲ ಅದನ್ನು ನೋಡಿದಾಗ ಅಮ್ಮ ಇದ್ದಿದ್ದರೆ ಅನ್ನಿಸಿತು. ಪ್ರತಿ ಮಗುವಿನ ಕಣ್ಣೂ ಅಲ್ಲಿಗೇ ಬೀಳಲಿ ಎಂದು ಒತ್ತುವ ಗುರುತನ್ನು ಹೊಸ್ತಿಲಿಗೆ ಹಾಕಿದೆ. ಹೊಸ್ತಿಲಿಗೆ ಮಾತ್ರ. ಪಾಠ ದಾಸವಾಳದ್ದು: ಹೂವಿನ ಭಾಗಗಳ ಹೆಸರನ್ನು ಎಳೆದು ಸರಿಯಾದ ಜಾಗಕ್ಕೆ ಕೂರಿಸಬೇಕು, ತಪ್ಪಿದರೆ ಕೆಂಪು ಅಕ್ಷರದಲ್ಲಿ ‘ತಪ್ಪು’ ಎಂದು ಬರುತ್ತದೆ.

ಅವಳ ಮುಖಪುಟ ಹಾಗಲಕಾಯಿ ಬಣ್ಣದ್ದು. ನಡುವೆ ಒಂದು ದಪ್ಪ ಹಳದಿ ಬಿಲ್ಲೆ, ಅದರ ಮೇಲೆ ‘ಒತ್ತು’ ಎಂದು ಬರೆದಿತ್ತು. ಮುಗಿಯಿತು, ಇನ್ನೇನೂ ಇಲ್ಲ. ನೋಡಿ ನನಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ಅವಳ ಪಾಠ ಇತ್ತಲ್ಲ. ಒಂದು ಮಣ್ಣಿನ ಕುಂಡ, ಅದರಲ್ಲಿ ಒಂದು ಅವರೆಕಾಳು, ಪಕ್ಕದಲ್ಲಿ ಚೊಂಬು. ಚೊಂಬನ್ನು ಎಳೆದು ನೀರು ಹಾಕಿದರೆ ಕಾಳು ಮೊಳೆಯುತ್ತದೆ. ಕಡಿಮೆ ಹಾಕಿದರೆ ಒಣಗುತ್ತದೆ. ಹೆಚ್ಚು ಹಾಕಿದರೆ ಕೊಳೆಯುತ್ತದೆ. ಕೊಳೆತಾಗ ಅವಳದೇ ಧ್ವನಿ ಬರುತ್ತದೆ: “ಸಾಕ್ ಬುಡು ಮಗ, ಕೊಳ್ತೋಯ್ತದೆ.”

“ಪಠ್ಯಪುಸ್ತಕದ ಭಾಷೆ ಇರಬೇಕಲ್ಲವೇ ಸಾರ್?” ಎಂದು ಪ್ರಿನ್ಸಿಪಾಲರನ್ನು ಕೇಳಿದೆ. ಅವರು ಯೋಚಿಸಿ, “ಬರೆದದ್ದು ಪುಸ್ತಕದ ಭಾಷೆಯಲ್ಲೇ ಇದೆಯಲ್ಲ ಮೇಡಂ, ಮಾತು ಮಾತಿನ ಹಾಗಿದೆ” ಎಂದರು. ಅವಳು ನನ್ನ ಕಡೆ ತಿರುಗಿ, “ನಿಮ್ ದನೀಲಿ ಒಂದ್ ಸಲ ಏಳಿ ಅಕ್ಕ, ಅದನ್ನೂ ಆಕನ” ಎಂದಳು. ನಾನು ನೆಗಡಿ ಅಂದೆ.

ಒಂದು ಮಧ್ಯಾಹ್ನ ಎಲ್ಲರೂ ಕಾಫಿಗೆ ಹೋದಾಗ ಅವಳ ಪುಟ ತೆರೆದಿತ್ತು. ಕೂತು ನೀರು ಹಾಕಿದೆ. ಮೊಳೆಯಿತು. ಇನ್ನೂ ಹಾಕಿದೆ. “ಸಾಕ್ ಬುಡು ಮಗ.” ಮತ್ತೆ ಮೊದಲಿಂದ ಶುರುಮಾಡಿ ಬೇಕೆಂದೇ ಚೊಂಬು ಬಗ್ಗಿಸಿದೆ. ಆ ಧ್ವನಿಯಲ್ಲಿ ಗದರಿಕೆಯೂ ಇತ್ತು, ಹತ್ತಿರಕ್ಕೆ ಎಳೆದುಕೊಳ್ಳುವುದೂ ಇತ್ತು. ದೂರದಲ್ಲಿ ಎಲ್ಲೋ ಒಂದು ಕೋಳಿ ಕೂಗಿದ್ದೂ ಸೇರಿಕೊಂಡಿತ್ತು, ಮನೆಯಲ್ಲೇ ಕೂತು ರೆಕಾರ್ಡ್ ಮಾಡಿದ್ದಳೆಂದು ಕಾಣುತ್ತದೆ. ಚೆನ್ನಾಗಿರಲಿಲ್ಲ ಎಂದು ಹೇಳಲು ನನಗೂ ಆಸೆ. ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ನಾನು ಅವಳನ್ನು ಎಷ್ಟು ಪ್ರೀತಿಸುತ್ತಿದ್ದೆನೋ.

ಅವತ್ತು ರಾತ್ರಿ ಊಟಕ್ಕೆ ಬಡಿಸುವಾಗ ಯಜಮಾನರು ಕೇಳಿದರು: “ಆ ಅರಕಲಗೂಡಿನವರ ಪುಟ ಹೇಗಿದೆ?”

“ಹಾಗಲಕಾಯಿ ಬಣ್ಣ.”

“ಬಣ್ಣ ಕೇಳಲಿಲ್ಲ ನಾನು.”

“ಹುಳಿ ಹಾಕಲಾ?” ಅಂದೆ. ಅವರು ತಟ್ಟೆ ಮುಂದಿಟ್ಟರು.

ಚನ್ನರಾಯಪಟ್ಟಣದ ಶಾಲೆಗೆ ಹೋದ ದಿನ ತೆಂಗಿನಕಾಯಿ ಸಂತೆ. ಬಸ್‌ಸ್ಟ್ಯಾಂಡಿನಿಂದ ಶಾಲೆಯವರೆಗೆ ಲಾರಿಗಳ ನಡುವೆ ಸೀರೆ ಎತ್ತಿಕೊಂಡು ನುಸುಳಿದೆವು. ಕಂಪ್ಯೂಟರ್ ರೂಮಿನ ಹೊರಗೆ ಮಕ್ಕಳು ಚಪ್ಪಲಿ ಬಿಟ್ಟು ಸಾಲಾಗಿ ನಿಂತಿದ್ದರು. ಕಿಟಕಿ ಕಡೆಯ ಸಾಲಿನಲ್ಲಿ ನನ್ನ ಪುಟ, ಗೋಡೆ ಕಡೆಯ ಸಾಲಿನಲ್ಲಿ ಅವಳದು. ಯಾವ ಮಗುವಿಗೂ ಏನನ್ನೂ ಹೇಳಿಕೊಡಬಾರದು, ಸುಮ್ಮನೆ ನಿಂತು ನೋಡಬೇಕು ಎಂದು ಪ್ರಿನ್ಸಿಪಾಲರು ನಮಗೆ ತಾಕೀತು ಮಾಡಿದ್ದರು.

ಆಗಿನ ಇಂಟರ್ನೆಟ್ಟು ನಿಮಗೆ ನೆನಪಿರಬಹುದು. ಚಿತ್ರ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ತೋರಣ ಬಂತು. ಆಮೇಲೆ ಬಾಗಿಲು. ಮಕ್ಕಳು ಉಸಿರು ಬಿಗಿಹಿಡಿದು ಕಾದರು. ಕೊನೆಗೆ ಹೊಸ್ತಿಲು ಇಳಿದಾಗ ನನ್ನ ಸಾಲಿನಲ್ಲಿ ಒಬ್ಬಳು, “ನೋಡೇ, ಎಷ್ಟ್ ಚೆಂದಾಗ್ ಬರ್ದವ್ರೆ” ಎಂದಳು. ಪಕ್ಕದವಳು ಪರದೆಯ ಹತ್ತಿರಕ್ಕೇ ಮುಖ ತಂದು ನೋಡಿದಳು. ನಾನು ಪ್ರಿನ್ಸಿಪಾಲರ ಕಡೆ ನೋಡಿದೆ. ಅವರಿಗೂ ಕೇಳಿಸಿತ್ತು. ಆ ಹೊತ್ತಿನಲ್ಲಿ ಕೆಲಸ ನನ್ನದೇ ಎಂದು ಖಾತ್ರಿಯಾಯಿತು.

ಆಮೇಲೆ ಮಕ್ಕಳು ಬಾಗಿಲ ಮೇಲೆ ಒತ್ತಿದರು. ಏನೂ ಆಗಲಿಲ್ಲ.

ಮತ್ತೆ ಬಾಗಿಲ ಮೇಲೆ ಒತ್ತಿದರು. ಒಳಗಿನ ಬೆಳಕಿನ ಮೇಲೆ ಒತ್ತಿದರು. ಒಬ್ಬ ತೋರಣದ ಎಲೆಗಳನ್ನು ಒಂದೊಂದಾಗಿ ಒತ್ತಿ ನೋಡಿದ. ನನ್ನ ಮುಂದೆ ಕೂತಿದ್ದ ಹುಡುಗಿಯ ಬಾಣದ ಗುರುತು ಕೆಳಗಿಳಿದು ಹೊಸ್ತಿಲವರೆಗೆ ಬಂತು, ಅಂಚಿನಲ್ಲಿ ನಿಂತಿತು, ಪಕ್ಕಕ್ಕೆ ಸರಿದು ಸುತ್ತಿಕೊಂಡು ಮತ್ತೆ ಬಾಗಿಲಿಗೇ ಹೋಯಿತು. ಅವಳ ಆಚೆಯವಳದೂ ಹಾಗೆಯೇ. ಇಡೀ ಸಾಲಿನಲ್ಲಿ ಎಲ್ಲರೂ ಹೊಸ್ತಿಲನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಒತ್ತುತ್ತಿದ್ದರು. ನನಗೆ ಮೈ ಪರಚಿಕೊಳ್ಳುವಂತಾಯಿತು. ತಾಕೀತು ಮರೆತು ಬಗ್ಗಿ ಹೇಳಿದೆ: “ಹೊಸ್ತಿಲ ಮೇಲೆ ಒತ್ತಮ್ಮ.”

ಹುಡುಗಿ ಮೌಸಿನಿಂದ ಕೈ ತೆಗೆದೇಬಿಟ್ಟಳು. “ಒಸ್ಲು ತುಳೀಬಾರ್ದು ಮಿಸ್” ಎಂದಳು. ಬೈದೇನೆಂದು ಹೆದರಿ, “ರಂಗೋಲಿ ಬೇರೆ ಬುಟ್ಟವ್ರೆ, ಅದ್ಕೆ” ಎಂದು ಸೇರಿಸಿದಳು.

ದೇವಸ್ಥಾನದ ಬೀದಿಯಲ್ಲಿ ಹುಟ್ಟಿದವಳು ನಾನು. ಚಿಕ್ಕವಳಿದ್ದಾಗ ಹೊಸ್ತಿಲ ಮೇಲೆ ಕಾಲಿಟ್ಟದ್ದಕ್ಕೆ ಅಮ್ಮನ ಕೈಯಲ್ಲಿ ಏಟು ತಿಂದವಳು. ಹೊಸ್ತಿಲನ್ನು ದಾಟಬೇಕು, ತುಳಿಯಬಾರದು ಎಂದು ನಮ್ಮ ಕಡೆ ನಡೆಯಲು ಬಾರದ ಕೂಸಿಗೂ ಹೇಳಿಕೊಟ್ಟಿರುತ್ತಾರೆ. ನಾನೇ ಬರೆದ ಹೊಸ್ತಿಲಿನ ಚೆಂದ ನೋಡಿ ನೋಡಿ, ಅದು ಏತಕ್ಕಿರುವುದು ಎನ್ನುವುದೇ ನನಗೆ ಮರೆತುಹೋಗಿತ್ತು.

ಅಷ್ಟರಲ್ಲಿ ಗೋಡೆ ಕಡೆಯಿಂದ ನಗು ಎದ್ದಿತು. “ಸಾಕ್ ಬುಡು ಮಗ” ಎಂದು ಒಂದು ಕಂಪ್ಯೂಟರು ಹೇಳಿತು, ಅದರ ಹಿಂದೆಯೇ ಇನ್ನೊಂದು. ಮಕ್ಕಳು ಚೊಂಬು ಬಗ್ಗಿಸಿ ಬಗ್ಗಿಸಿ ಅವರೆಕಾಳು ಕೊಳೆಸುತ್ತಿದ್ದರು. ಕೊಳೆಸಿ, ಆಮೇಲೆ ಯಾರ ಕಾಳು ನೆಟ್ಟಗೆ ಮೊಳೆಯುತ್ತದೆ ಎಂದು ಪಂತ ಕಟ್ಟುತ್ತಿದ್ದರು. ನನ್ನ ಸಾಲಿನ ಮಕ್ಕಳು ಮೊದಲು ತಿರುಗಿ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಎದ್ದು ಆ ಕಡೆ ಹೋದರು. ಕಿಟಕಿ ಸಾಲಿನ ಪರದೆಗಳಲ್ಲೆಲ್ಲ ನನ್ನ ಬಾಗಿಲು ಅರ್ಧ ತೆರೆದುಕೊಂಡು ನಿಂತಿತ್ತು. ಹೂವಿನ ಪಾಠದವರೆಗೆ ಒಬ್ಬರೂ ಹೋಗಲಿಲ್ಲ.

ವಾಪಸ್ ಬರುವಾಗ ಅವಳೂ ನಾನೂ ಒಂದೇ ಬಸ್ಸು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಬಂದು ಅಲ್ಲಿಂದ ಅರಕಲಗೂಡಿಗೆ ಹೋಗುವ ಬಸ್ಸು. ಬೇರೆ ಸೀಟು ಖಾಲಿಯಿದ್ದರೂ ಬಂದು ನನ್ನ ಪಕ್ಕದಲ್ಲೇ ಕೂತಳು. ಕಾಗದದ ಪೊಟ್ಟಣದಲ್ಲಿ ಕಡ್ಲೆಕಾಯಿ ತಂದಿದ್ದಳು, ಬಿಡಿಸಿ ಬಿಡಿಸಿ ನನ್ನ ಕೈಗೆ ಹಾಕಿದಳು. ಅವಳು ಮೆರೆಯುತ್ತಾಳೆ, ಆಗ ಏನು ಹೇಳಬೇಕು ಎಂದು ನಾನು ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಅವಳು ಮೆರೆಯಲಿಲ್ಲ.

“ಆ ಗುರ್ತ ಬಾಗ್ಲಿಗ್ ಮಡಗ್ಬುಡಿ ಅಕ್ಕ, ಸರಿಯೋಯ್ತದೆ” ಎಂದಳು. “ಮಕ್ಳು ಒಸ್ಲು ದಾಟ್ಕಂಡ್ ಒಳೀಕ್ ಬತ್ತವೆ. ಅಷ್ಟೇ ಕಣಕ್ಕ.”

“ನೋಡೋಣ” ಅಂದೆ.

“ಅಂತಾ ಒಸ್ಲು ನಮ್ಮೂರಲ್ಲಿ ಯಾರಿಗೂ ಬರಿಯಕ್ ಬರಾಕಿಲ್ಲ. ನಮ್ಮತ್ತೆಗೆ ತೋರುಸ್ಬೇಕು, ನಂಗೊಂದು ಕಾಗ್ದದ್ ಮ್ಯಾಲೆ ಬರ್ಕೊಡಿ.”

ಅವಳಿಗೆ ನನ್ನ ಮೇಲೆ ಎಳ್ಳಷ್ಟೂ ಹೊಟ್ಟೆಕಿಚ್ಚಿರಲಿಲ್ಲ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಅದೇ. ನಾನು ಅಷ್ಟು ದಿನ ಹಗಲೂ ರಾತ್ರಿ ಅವಳ ಜೊತೆ ಜಗಳವಾಡುತ್ತಿದ್ದೆ, ಅವಳಿಗೆ ಆ ಜಗಳದ ಸುದ್ದಿಯೇ ಗೊತ್ತಿರಲಿಲ್ಲ. ಹೊಳೆನರಸೀಪುರದಲ್ಲಿ ಇಳಿಯುವಾಗ ಕೈಯಲ್ಲಿ ಕಡ್ಲೆಕಾಯಿ ಹಾಗೇ ಇತ್ತು. ಬಸ್‌ಸ್ಟ್ಯಾಂಡಿನ ಮೇಕೆಗೆ ಹಾಕಿ ಮನೆಗೆ ಹೋದೆ.

ಮಾರನೆಯ ದಿನ ಪ್ರಿನ್ಸಿಪಾಲರು ನನ್ನೊಬ್ಬಳನ್ನೇ ಕರೆದರು. ಕುರ್ಚಿ ತೋರಿಸಿ, ಕಾಫಿ ತರಿಸಿದರು. ಕಾಫಿ ಬಂದಾಗಲೇ ನನಗೆ ಅರ್ಥವಾಯಿತು.

“ನಿಮ್ಮ ಮುಖಪುಟವನ್ನೇ ಇಟ್ಟುಕೊಳ್ಳುತ್ತೇವೆ ಮೇಡಂ. ಅಂಥ ಚಿತ್ರ ಬೇರೆ ಸಿಗುವುದಿಲ್ಲ” ಎಂದರು. “ಒತ್ತುವ ಜಾಗವನ್ನು ಬಾಗಿಲಿಗೆ ಬದಲಾಯಿಸಿದರೆ ಆಯಿತು. ಮಿಕ್ಕ ಪಾಠದ ಕೆಲಸಕ್ಕೆ ಅವರು ಇಲ್ಲಿರಲಿ. ಮಗುವಿನ ಕೈ ಎಲ್ಲಿಗೆ ಹೋಗುತ್ತದೆ ಅಂತ ಅವರಿಗೆ ಮೊದಲೇ ಹೊಳೆಯುತ್ತದೆ.”

“ನಾನೂ ಕಲಿಯಬಹುದು ಸಾರ್” ಅಂದೆ. ಹಾಗೆ ಕೇಳಿಕೊಂಡದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

“ಕಲಿಯಬಹುದು” ಎಂದು ಅವರು ಒಪ್ಪಿಕೊಂಡರು.

ಹೊರಗೆ ಬಂದರೆ ಅವಳಿಗೆ ಅಷ್ಟರಲ್ಲೇ ವಿಷಯ ಗೊತ್ತಾಗಿತ್ತು. “ಅಕ್ಕಾ, ನಿಮ್ ಚಿತ್ರಾನೇ ಮುಂದುಕ್ ಬತ್ತದಂತೆ” ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನಿಜವಾದ ಸಂತೋಷ. ಅವಳೇನಾದರೂ ಅಣಕಿಸಿದ್ದರೆ ಕೈ ಕೊಡವಿಕೊಂಡು ಹೋಗಬಹುದಿತ್ತು. ಸಂತೋಷಪಡುವವಳ ಕೈಯನ್ನು ಕೊಡವುವುದು ಹೇಗೆ? ಚಿತ್ರ ಉಳಿಯಿತು, ನಾನು ಮಧ್ಯಾಹ್ನದ ಬಸ್ಸು ಹತ್ತಿದೆ.

ಶಾಲೆಗೆ ಮರಳಿ ಮತ್ತೆ ಸೀಮೆಸುಣ್ಣ ಹಿಡಿದೆ. ಸಹೋದ್ಯೋಗಿಗಳು ಕೇಳಿದರೆ, ದಿನಾ ಓಡಾಟ ಆಗಲಿಲ್ಲ, ಬಿಟ್ಟುಬಂದೆ ಅನ್ನುತ್ತಿದ್ದೆ. ಅವಳ ಸುದ್ದಿ ಆಗಾಗ ಕಿವಿಗೆ ಬೀಳುತ್ತಿತ್ತು. ಪಾಠದ ಮೇಲೆ ಪಾಠ ಮಾಡಿಸುತ್ತಿದ್ದಾಳಂತೆ, ಬೇರೆ ಜಿಲ್ಲೆಯವರೂ ಬಂದು ನೋಡಿ ಹೋಗುತ್ತಾರಂತೆ. ಪ್ರತಿ ‘ಅಂತೆ’ಯೂ ನನಗೆ ಎದೆಯುರಿ. ಒಂದು ಸಲ ಅವಳೇ ಫೋನ್ ಮಾಡಿ ಕಣ್ಣಿನ ಪಾಠಕ್ಕೆ ಚಿತ್ರ ಬರೆದುಕೊಡಿ ಎಂದು ಕೇಳಿದಳು. ಪರೀಕ್ಷೆ ಕೆಲಸ ಇದೆ ಅಂದೆ. ಆಮೇಲೆ ಆ ಕಣ್ಣನ್ನು ಯಾರು ಬರೆದರೋ ಎಂದು ಒಂದು ವಾರ ಯೋಚಿಸಿದೆ.

ಕೆಲವು ವರ್ಷಗಳಾದ ಮೇಲೆ ನಮ್ಮ ಶಾಲೆಗೂ ಕಂಪ್ಯೂಟರುಗಳು ಬಂದವು. ವಿಜ್ಞಾನದ ಟೀಚರಾದ್ದರಿಂದ ಎಂಟನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಪಾಠಗಳನ್ನು ತೋರಿಸುವ ಜವಾಬ್ದಾರಿ ನನಗೇ ಬಂತು. ತಪ್ಪಿಸಿಕೊಳ್ಳಲು ನೋಡಿದೆ, ಹೆಡ್‌ಮಾಸ್ಟರು ಬಿಡಲಿಲ್ಲ.

ಮುಖಪುಟ ತೆರೆಯಿತು. ಈಗ ಚಿತ್ರ ಪಟ್ಟಿ ಪಟ್ಟಿಯಾಗಿ ಇಳಿಯಲಿಲ್ಲ, ಒಂದೇ ಸಲಕ್ಕೆ ಬಂತು. ಮಕ್ಕಳು ಅದನ್ನು ನೋಡಲೂ ಇಲ್ಲ, ಬಾಗಿಲು ಒತ್ತಿ ಒಳಗೆ ಹೋದರು. ಚಿತ್ರ ನಾನು ಬರೆದದ್ದು ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪಾಠ ಶುರುವಾಗಿತ್ತು. ಶಾಖದ ಪಾಠ. ಪಾತ್ರೆ ಒಲೆಯ ಮೇಲಿಟ್ಟು ಉರಿ ಹೆಚ್ಚು ಕಡಿಮೆ ಮಾಡಬೇಕು. ಯಾರೋ ಹಾಲು ಉಕ್ಕಿಸಿಬಿಟ್ಟರು. ಅವಳ ಧ್ವನಿ ರೂಮಿನ ತುಂಬ ಕೇಳಿಸಿತು, “ಉಕ್ತಾ ಅದೆ ಕಣವ್ವ, ಉರಿ ತಗ್ಗುಸು.” ನನ್ನ ಕ್ಲಾಸಿನಲ್ಲಿ ವರ್ಷವೆಲ್ಲ ಬಾಯಿ ಬಿಡದ ಮಕ್ಕಳು ಪರದೆಗೆ ಉತ್ತರ ಕೊಡುತ್ತಿದ್ದರು, “ತಗ್ಗುಸ್ದೆ ತಗ್ಗುಸ್ದೆ” ಎಂದು.

ಮುಂದಿನ ಬೆಂಚಿನ ಹುಡುಗಿ, ನನ್ನ ಮೆಚ್ಚಿನವಳು, ನನ್ನ ಹಾಗೆಯೇ ಚಿತ್ರ ಬರೆಯುವವಳು, ತಿರುಗಿ ಕೇಳಿದಳು: “ಮಿಸ್, ಈ ಮೇಡಂ ಯಾವ್ ಸ್ಕೂಲು? ನಮ್ ಸ್ಕೂಲಿಗೆ ಬರಲ್ವಾ?”

“ಅವರಿಗೆ ಹಾಸನದಲ್ಲಿ ಕೆಲಸ ಜಾಸ್ತಿ. ಬರೋಕೆ ಆಗಲ್ಲ.”

ಹುಡುಗಿ ಪರದೆಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. ನನಗೆ ಉಪಕಾರ ಮಾಡುವವಳ ಹಾಗೆ, ಬಹಳ ಮೆಲ್ಲಗೆ ಹೇಳಿದಳು: “ಹಂಗಾರೆ ನೀವೇ ಒಂದ್ಸಲ ಹೋಗಿ ಅವರತ್ರ ಕಲ್ತ್ಕೊಂಡ್ ಬನ್ನಿ ಮಿಸ್.”

ಬೆಲ್ ಹೊಡೆಯುವವರೆಗೂ ನಾನು ಆ ಮಗುವಿನ ಕಡೆ ತಿರುಗಲಿಲ್ಲ.